ಹಳೆಯ ಎಸ್ಟೀಮನ್ನು ರೇಸ್ ಕಾರು ಮಾಡುವಾಗ ಎಂಜಿನ್ನಿಗೆ ಕೊನೆಯಲ್ಲಿ ಕೈ ಹಾಕಿ

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮನೆಯಲ್ಲಿ 2004ರ ಮಾರುತಿ ಎಸ್ಟೀಮ್ ಕಾರೊಂದು ಓಡಿಸುವವರಿಲ್ಲದೆ ನಿಂತಿದೆ. ಅದನ್ನು ಹವ್ಯಾಸಕ್ಕಾಗಿ ಟ್ರ್ಯಾಕಿನಲ್ಲಿ ಓಡಿಸುವ ರೇಸ್ ಕಾರಾಗಿ ಸಿದ್ಧಗೊಳಿಸಬೇಕೆಂದಿದ್ದೀರಿ. ಇರುವ ಹಣದಲ್ಲಿ ಮೊದಲು ಎಂಜಿನ್ನಿನ ಶಕ್ತಿ ಹೆಚ್ಚಿಸಬೇಕೇ ಎಂಬುದೂ, ಟ್ರ್ಯಾಕಿಗೆ ಒಯ್ದ ಮೊದಲ ದಿನ ಕಾರನ್ನು ಹೇಗೆ ಪರೀಕ್ಷಿಸಬೇಕು ಎಂಬುದೂ ನಿಮ್ಮ ಪ್ರಶ್ನೆಗಳು. ನಾನೂ ನನ್ನ ಇಬ್ಬರು ಗೆಳೆಯರೂ ಸೇರಿ ಇಂಥದೇ ಒಂದು ಎಸ್ಟೀಮನ್ನು ಬೆಂಗಳೂರಿನ ಬಾಡಿಗೆ ಶೆಡ್ಡೊಂದರಲ್ಲಿ ಹದಿನಾಲ್ಕು ತಿಂಗಳು ದುಡಿದು ಸಿದ್ಧಪಡಿಸಿ, ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಪರೀಕ್ಷಿಸಿದ್ದೇವೆ. ಆ ಅನುಭವದಿಂದ ಹೇಳುವುದಾದರೆ ಎಂಜಿನ್ನಿಗೆ ಈಗ ಹಣ ಸುರಿಯಬೇಡಿ. ಆ ಹಣವನ್ನು ರೋಲ್ ಕೇಜ್ (ಕಾರು ಮಗುಚಿದರೂ ಚಾಲಕನನ್ನು ಕಾಯುವ ಉಕ್ಕಿನ ಕೊಳವೆಗಳ ಪಂಜರ), ಸೀಟು, ಬೆಲ್ಟು, ಬ್ರೇಕ್ ಮತ್ತು ಟೈರುಗಳಿಗೆ ಹಾಕಿ, ಉಳಿದದ್ದನ್ನು ಟ್ರ್ಯಾಕಿನ ಬಾಡಿಗೆಗೆ ಇಟ್ಟುಕೊಳ್ಳಿ.

ಎಸ್ಟೀಮಿನ 1298 ಸಿಸಿಯ ಹದಿನಾರು ವಾಲ್ವಿನ ಎಂಜಿನ್ 85 ಅಶ್ವಶಕ್ತಿ ಕೊಡುತ್ತದೆ, ಕಾರಿನ ತೂಕ 900 ಕಿಲೋಗಿಂತ ಕಡಿಮೆ. ಸೀಟುಗಳು, ಕಾರ್ಪೆಟ್ಟು, ಎ.ಸಿ., ಬಾಗಿಲಿನ ಒಳಹೊದಿಕೆ, ನೆಲಕ್ಕೆ ಅಂಟಿಸಿರುವ ಶಬ್ದನಿರೋಧಕ ಡಾಂಬರು ಪಟ್ಟಿ ಇವನ್ನೆಲ್ಲ ತೆಗೆದರೆ ಇನ್ನೂ ಹಗುರಾಗುತ್ತದೆ. ಹೊಸಬನೊಬ್ಬ ಕಲಿಯಲು ಇಷ್ಟು ಶಕ್ತಿ ಧಾರಾಳವಾಗಿ ಸಾಕು. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ ಆರಂಭದ ದಿನಗಳಲ್ಲಿ ಓಡಿಸಿದ ಫಾರ್ಮುಲಾ ಮಾರುತಿ ಕಾರಿನಲ್ಲಿದ್ದದ್ದು ಮಾರುತಿ 800ರ 796 ಸಿಸಿ ಎಂಜಿನ್. ಆ ಒಂಟಿ ಸೀಟಿನ, ಕಡಿಮೆ ಖರ್ಚಿನ ಕಾರನ್ನು ರೂಪಿಸಿದವರು ಕೊಯಮತ್ತೂರಿನ ಎಸ್. ಕರಿವರ್ಧನ್. 1995ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡ ಅವರ ಹೆಸರನ್ನೇ ಅಲ್ಲಿನ ಕರಿ ಮೋಟಾರ್ ಸ್ಪೀಡ್‌ವೇಗೆ ಇಡಲಾಗಿದೆ. ನಮ್ಮಂಥ ಹವ್ಯಾಸಿಗಳು ಇಂದು ಕಾರನ್ನು ಒಯ್ದು ಓಡಿಸಲು ದಕ್ಷಿಣದಲ್ಲಿ ಒಂದು ನೆಲೆ ಇರುವುದರಲ್ಲಿ ಅವರ ದುಡಿಮೆಯ ಪಾಲು ದೊಡ್ಡದು ಎಂದು ನಾನು ಮನಸಾರೆ ನಂಬಿದ್ದೇನೆ.

ಮೊದಲ ಖರ್ಚು ರೋಲ್ ಕೇಜಿನದು. ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ನಿಯಮದಂತೆ ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸದ 2.5 ಮಿ.ಮೀ. ದಪ್ಪದ, ಇಲ್ಲವೇ 50 ಮಿ.ಮೀ. ವ್ಯಾಸದ 2 ಮಿ.ಮೀ. ದಪ್ಪದ ಕೊಳವೆ ಬೇಕು. ಅದು ಬೆಸುಗೆಯ ಗೆರೆಯಿಲ್ಲದ, ತಣ್ಣಗೆ ಎಳೆದು ತಯಾರಿಸಿದ ಉಕ್ಕಿನ ಕೊಳವೆಯಾಗಿರಬೇಕು. ಪೀಣ್ಯದಲ್ಲಿ ನಾವು ಮೊದಲು ಹೋದ ಕಾರ್ಖಾನೆಯಲ್ಲಿ ತೋರಿಸಿದ ಕೊಳವೆ ಕಣ್ಣಿಗೆ ಸರಿಯಾಗಿಯೇ ಇತ್ತು. ಒಳಗೆ ಬೆರಳು ಹಾಕಿ ಸವರಿದಾಗ ಉದ್ದಕ್ಕೂ ಒಂದು ಸಣ್ಣ ಏಣು ಕೈಗೆ ತಗುಲಿತು. ಅದು ತಗಡನ್ನು ಸುರುಳಿ ಮಾಡಿ ಬೆಸೆದ, ಗೇಟು ಕಿಟಕಿಗಳಿಗೆ ಬಳಸುವ ಕೊಳವೆ. ಅದರಿಂದ ಕೇಜ್ ಮಾಡಿಸುವುದಕ್ಕಿಂತ ಮಾಡಿಸದೆ ಇರುವುದೇ ವಾಸಿ, ಏಕೆಂದರೆ ಬಾಗಿಸಿದ ಜಾಗದಲ್ಲಿ ಅದು ಬಾಯಿಬಿಟ್ಟರೆ ಮೊದಲು ಸಿಗುವುದು ಚಾಲಕನ ತಲೆ. ಕೇಜಿನ ಕಾಲುಗಳನ್ನು ಕಾರಿನ ನೆಲದ ತೆಳು ತಗಡಿಗೆ ನೇರವಾಗಿ ಬೆಸೆಯಬಾರದು. ಪ್ರತಿ ಕಾಲಿನ ಕೆಳಗೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತಾರದ ಉಕ್ಕಿನ ಪಟ್ಟಿ ಇರಬೇಕು. ಭುಜದ ಬೆಲ್ಟುಗಳು ಸೀಟಿನ ಮೇಲಂಚಿನಿಂದ ಹಿಂದಕ್ಕೆ ಹೆಚ್ಚುಕಡಿಮೆ ಮಟ್ಟಸವಾಗಿ ಹೋಗಬೇಕು. ಕೆಳಮುಖವಾಗಿ ಕಡಿದಾಗಿ ಇಳಿದರೆ ಡಿಕ್ಕಿಯ ಹೊತ್ತಿನಲ್ಲಿ ಅವು ಬೆನ್ನುಮೂಳೆಯನ್ನು ಕೆಳಕ್ಕೆ ಅದುಮುತ್ತವೆ.

ಇಷ್ಟೆಲ್ಲ ಬದಲಾಯಿಸಿದ ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ ಎಂಬುದನ್ನೂ ಈಗಲೇ ತಿಳಿದಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಗಳಿಂದ ಬೇರೆಯಾಗುವಂಥ ಮಾರ್ಪಾಡಿಗೆ ಅವಕಾಶ ಕೊಡುವುದಿಲ್ಲ. ಹೀಗಾಗಿ ಟ್ರ್ಯಾಕಿಗೆ ಕಾರನ್ನು ಫ್ಲಾಟ್‌ಬೆಡ್ ಲಾರಿಯ ಮೇಲೆ ಹೇರಿಕೊಂಡೇ ಹೋಗಬೇಕು, ಆ ಬಾಡಿಗೆಯನ್ನು ಲೆಕ್ಕದಲ್ಲಿ ಮೊದಲೇ ಬರೆದುಕೊಳ್ಳಿ. ಸ್ಪರ್ಧೆಗೆ ಇಳಿಯುವ ಯೋಚನೆಯಿದ್ದರೆ ಭಾರತದ ಮೋಟಾರು ಕ್ರೀಡೆಯ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸ್ ಬೇಕು, ನೀವು ಇಳಿಯಬಯಸುವ ವರ್ಗದ ನಿಯಮಪುಸ್ತಕವನ್ನು ಕಾರಿಗೆ ಕೈ ಹಾಕುವ ಮೊದಲೇ ಓದಬೇಕು.

ಇನ್ನು ಬ್ರೇಕ್. ಊರಿನ ರಸ್ತೆಯಲ್ಲಿ ಒಂದು ಕಾರಿನ ಬ್ರೇಕ್ ಎಂದೂ ಕಾಣದ ಶಾಖವನ್ನು ಟ್ರ್ಯಾಕಿನ ನಾಲ್ಕೇ ಸುತ್ತುಗಳಲ್ಲಿ ಕಾಣುತ್ತದೆ. ನಾವು ಹೊಸ ಡಿಸ್ಕು, ಒಳ್ಳೆಯ ಪ್ಯಾಡುಗಳನ್ನು ಹಾಕಿದ್ದೆವು. ಆದರೆ ಬ್ರೇಕ್ ಆಯಿಲ್ ಮಾತ್ರ ಶೆಡ್ಡಿನಲ್ಲಿ ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟಿದ್ದ ಡಬ್ಬದ್ದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲಬೇಕು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯಬಹುದು. ಮೊದಲ ದಿನದ ಮೂರನೆಯ ಸರದಿಯಲ್ಲಿ, ನೇರ ಹಾದಿಯ ಕೊನೆಯಲ್ಲಿ, ಪೆಡಲ್ ನನ್ನ ಕಾಲಡಿಯಲ್ಲಿ ಒದ್ದೆ ಸ್ಪಂಜಿನಂತೆ ನೆಲದವರೆಗೆ ಇಳಿದುಹೋಯಿತು. ಎರಡು ಬಾರಿ ಬೇಗಬೇಗನೆ ಒತ್ತಿ, ಗೇರು ಇಳಿಸಿ, ತಿರುವಿನ ಹೊರಗಿನ ಮಣ್ಣಿನಲ್ಲಿ ಕಾರನ್ನು ನೇರವಾಗಿ ನಿಲ್ಲಿಸಿದೆ. ಕಾರಿಗೂ ನನಗೂ ಏನೂ ಆಗಲಿಲ್ಲ, ಆದರೆ ಆ ದಿನ ಮತ್ತೆ ಓಡಿಸುವ ಧೈರ್ಯ ಮೂವರಿಗೂ ಉಳಿದಿರಲಿಲ್ಲ.

ಈ ಸಂದರ್ಭದಲ್ಲಿ ಗುರುತಿಸಬೇಕಾದ ವ್ಯತ್ಯಾಸವೊಂದಿದೆ. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಆಯಿಲ್ ಕುದಿದು ಪೈಪಿನಲ್ಲಿ ಆವಿಯ ಗುಳ್ಳೆ ಸೇರಿದೆ ಎಂದರ್ಥ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡುಗಳು ಅತಿಯಾಗಿ ಕಾದು ಹಿಡಿತ ಕಳೆದುಕೊಂಡಿವೆ ಎಂದರ್ಥ. ಎರಡಕ್ಕೂ ಮದ್ದು ಬೇರೆ ಬೇರೆ, ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿ ಹಣ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ನಾವು ಮುಂದಿನ ಬಾರಿಗೆ ಇನ್ನೂ ಹೆಚ್ಚು ಶಾಖ ತಡೆಯುವ, ಆಗತಾನೇ ಸೀಲ್ ಒಡೆದ ಡಾಟ್ 4 ಆಯಿಲ್ ತುಂಬಿ, ನಾಲ್ಕೂ ಚಕ್ರಗಳಲ್ಲಿ ಗಾಳಿ ತೆಗೆದು, ಮುಂದಿನ ಬಂಪರಿನಿಂದ ಡಿಸ್ಕಿನ ನಡುಭಾಗಕ್ಕೆ ಗಾಳಿ ಒಯ್ಯುವ ಪೈಪನ್ನು ಕೂರಿಸಿದೆವು. ಆ ತೊಂದರೆ ಮತ್ತೆ ಬರಲಿಲ್ಲ. ಸರದಿ ಮುಗಿದ ಮೇಲೆ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಬರುವುದನ್ನೂ, ಪಿಟ್‌ನಲ್ಲಿ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗ) ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಅಡ್ಡಗಟ್ಟೆ ಇಡುವುದನ್ನೂ ಅಭ್ಯಾಸ ಮಾಡಿಕೊಳ್ಳಿ.

ಎಂಜಿನ್ನಿನ ಶಕ್ತಿಯನ್ನು ಮುಟ್ಟಬೇಡಿ ಎಂದೆ, ಅದರ ಆರೋಗ್ಯವನ್ನು ಕಡೆಗಣಿಸಿ ಎಂದಲ್ಲ. ಸಿಲಿಂಡರುಗಳ ಒಳಒತ್ತಡ ನೋಡುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಟೈಮಿಂಗ್ ಬೆಲ್ಟು, ನೀರಿನ ಹೋಸುಗಳು, ಎಂಜಿನ್ ಮೌಂಟಿಂಗುಗಳನ್ನು ಹೊಸದಾಗಿ ಹಾಕಿಸಿ. ಆಯಿಲ್ ಚೇಂಬರಿನೊಳಗೆ ಎಣ್ಣೆ ಪಕ್ಕಕ್ಕೆ ಓಡದಂತೆ ತಡೆಯುವ ತಗಡುಗಳನ್ನು ಬೆಸೆಯಿಸುವುದು ಬಹಳ ಮುಖ್ಯ. ತಿರುವಿನಲ್ಲಿ ಕಾರಿನ ಮೇಲೆ ಪಕ್ಕಕ್ಕೆ ಬೀಳುವ ಬಲ ಕಾರಿನ ತೂಕಕ್ಕೆ ಸಮನಾದರೆ ಚೇಂಬರಿನಲ್ಲಿನ ಎಣ್ಣೆಯ ಮೇಲ್ಮೈ 45 ಡಿಗ್ರಿಗೆ ಓರೆಯಾಗುತ್ತದೆ. ಉದ್ದನೆಯ ತಿರುವಿನಲ್ಲಿ ಕೆಲವು ಸೆಕೆಂಡು ಹಾಗೇ ನಿಂತರೆ ಪಂಪು ಎಣ್ಣೆಯ ಬದಲು ಗಾಳಿ ಹೀರುತ್ತದೆ, ಬೇರಿಂಗುಗಳು ಹಾಳಾಗಲು ಅಷ್ಟೇ ಸಾಕು. ಎಣ್ಣೆಯ ಒತ್ತಡ ಕುಸಿದರೆ ಥಟ್ಟನೆ ಕಣ್ಣಿಗೆ ಬೀಳುವಂತೆ ಸ್ಟೇರಿಂಗಿನ ಎದುರಿಗೇ ಒಂದು ದೊಡ್ಡ ಕೆಂಪು ದೀಪವನ್ನು ನಾವು ಕೂರಿಸಿದ್ದೇವೆ.

ಲಾರಿಗೆ ಹೇರುವ ಮುನ್ನ ಚಕ್ರಗಳು ಎಷ್ಟು ನೇರ, ಎಷ್ಟು ಓರೆ ನಿಂತಿವೆ ಎಂಬ ಅಳತೆಯನ್ನು ನೀವೇ ಮಾಡಿಕೊಳ್ಳುವುದನ್ನು ಕಲಿಯಿರಿ, ಏಕೆಂದರೆ ಟ್ರ್ಯಾಕಿನಲ್ಲಿ ನಿಮಗೆ ಅಲೈನ್‌ಮೆಂಟ್ ಅಂಗಡಿ ಸಿಗುವುದಿಲ್ಲ. ನಾವು ಬಳಸಿದ್ದು ಗಾರೆ ಕೆಲಸದವರ ಸಾಮಾನುಗಳನ್ನೇ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ನಾಲ್ಕೂ ಚಕ್ರಗಳ ಕೆಳಗಿನ ನೆಲದ ಮಟ್ಟ ನೋಡಿ, ತಗ್ಗಿದ್ದಲ್ಲಿ ಹಲಗೆ ಕೊಟ್ಟೆವು. ಚಾಲಕನ ಜಾಗದಲ್ಲಿ 25 ಕಿಲೋ ಅಕ್ಕಿಯ ಮೂರು ಮೂಟೆಗಳನ್ನು ಇಟ್ಟೆವು. ಕಾರಿನ ಎರಡೂ ಬದಿಗೆ ನೈಲಾನ್ ದಾರವನ್ನು ಬಿಗಿಯಾಗಿ ಕಟ್ಟಿ, ಮುಂದಿನ ಎರಡೂ ಚಕ್ರಗಳ ನಡುಬಿಂದುವಿನಿಂದ ದಾರಕ್ಕೆ ಒಂದೇ ಅಂತರ, ಹಿಂದಿನ ಎರಡಕ್ಕೂ ಒಂದೇ ಅಂತರ ಬರುವಂತೆ ಹೊಂದಿಸಿದೆವು. ಆಮೇಲೆ ರಿಮ್ಮಿನ ಮುಂದಂಚಿನಿಂದಲೂ ಹಿಂದಂಚಿನಿಂದಲೂ ದಾರಕ್ಕಿರುವ ದೂರವನ್ನು ಉಕ್ಕಿನ ಸ್ಕೇಲಿನಲ್ಲಿ ಅಳೆದರೆ, ಆ ಎರಡರ ವ್ಯತ್ಯಾಸವೇ ಟೋ, ಅಂದರೆ ಚಕ್ರದ ಮುಂದಂಚು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ. ಕ್ಯಾಂಬರಿಗೆ, ಅಂದರೆ ಚಕ್ರ ಮೇಲಿನಿಂದ ಕೆಳಕ್ಕೆ ಎಷ್ಟು ಓರೆಯಾಗಿದೆ ಎಂದು ನೋಡಲು, ತೂಗುಗುಂಡು ಸಾಕು: 13 ಇಂಚಿನ ರಿಮ್ಮಿನ ಮೇಲಂಚು ಕೆಳಂಚಿಗಿಂತ ಸುಮಾರು 6 ಮಿ.ಮೀ. ಒಳಗಿದ್ದರೆ ಅದು ಒಂದು ಡಿಗ್ರಿ ನೆಗೆಟಿವ್ ಕ್ಯಾಂಬರ್.

ಕರಿ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಉದ್ದದ್ದು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕು ಸುಮಾರು 3.7 ಕಿ.ಮೀ., ಅಲ್ಲಿ ವೇಗ ಹೆಚ್ಚು. ಮೊದಲ ಪರೀಕ್ಷೆಗೆ ಚಿಕ್ಕ ಟ್ರ್ಯಾಕೇ ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಏನಾದರೂ ಸಡಿಲವಾದರೆ ಬೇಗ ಪಿಟ್‌ಗೆ ಮರಳಬಹುದು. ಮೊದಲ ಸರದಿಯಲ್ಲಿ ಮೂರೇ ಸುತ್ತು, ಅದೂ ಅರ್ಧ ವೇಗದಲ್ಲಿ. ಬಂದೊಡನೆ ಬಾನೆಟ್ ತೆರೆದು ಎಣ್ಣೆ, ನೀರು, ಪೆಟ್ರೋಲ್ ಎಲ್ಲಿ ಜಿನುಗಿದೆ ನೋಡಿ, ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೆ ಬಿಗಿಯಿರಿ. ಸಸ್ಪೆನ್ಷನ್ನಿನ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿಟ್ಟಿದ್ದರೆ, ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಚಕ್ರವನ್ನು ಹಿಡಿದಿಡುವ ನಮ್ಮ ಎಡಗಡೆಯ ಕಂಟ್ರೋಲ್ ಆರ್ಮಿನ ಬೋಲ್ಟು ಸಡಿಲವಾದದ್ದು ಗೊತ್ತಾದದ್ದು ಹೀಗೆಯೇ.

ಕಾರು ಗಟ್ಟಿಯಾಗಿದೆ ಎಂದು ಖಾತ್ರಿಯಾದ ಮೇಲೆ ಟೈರುಗಳನ್ನು ಓದುವ ಕೆಲಸ ಆರಂಭವಾಗುತ್ತದೆ, ನನಗೆ ಅತ್ಯಂತ ಪ್ರೀತಿಯ ಭಾಗ ಇದು. ವೇಗವಾಗಿ ಐದಾರು ಸುತ್ತು ಓಡಿಸಿ ನೇರವಾಗಿ ಪಿಟ್‌ಗೆ ಬರಬೇಕು. ಒಬ್ಬರು ಸೂಜಿಯ ತಾಪಮಾಪಕವನ್ನು ರಬ್ಬರಿನೊಳಗೆ ಚುಚ್ಚಿ ಹೊರಅಂಚು, ನಡು, ಒಳಅಂಚು ಎಂದು ಓದುತ್ತಾ ಹೋಗಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ನಮ್ಮ ಮೊದಲ ಓದಿನಲ್ಲಿ ಮುಂದಿನ ಟೈರಿನ ಹೊರಅಂಚು 92, ನಡು 84, ಒಳಅಂಚು 71 ಡಿಗ್ರಿ ಇತ್ತು. ಅಂದರೆ ತಿರುವಿನಲ್ಲಿ ಟೈರು ಹೊರಕ್ಕೆ ಮಗುಚಿ ಹೊರಅಂಚಿನ ಮೇಲಷ್ಟೇ ನಿಲ್ಲುತ್ತಿತ್ತು, ಒಳಗಿನ ಅರ್ಧ ರಬ್ಬರು ಕೆಲಸವನ್ನೇ ಮಾಡುತ್ತಿರಲಿಲ್ಲ. ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರಿನ ಮೂತಿ ಹೊರಕ್ಕೇ ಸರಿಯುತ್ತಿದ್ದುದಕ್ಕೆ ಕಾರಣ ಅದೇ ಆಗಿತ್ತು. ಸ್ಟ್ರಟ್ಟಿನ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಮೇಲ್ತುದಿಯ ಪ್ಲೇಟಿನಲ್ಲಿ ಅರ್ಧ ಡಿಗ್ರಿ ಇದ್ದ ನೆಗೆಟಿವ್ ಕ್ಯಾಂಬರನ್ನು ಎರಡೂವರೆಗೆ ಏರಿಸಿ, ಅದರಿಂದ ಕೆಟ್ಟ ಟೋವನ್ನು ದಾರ ಕಟ್ಟಿ ಮತ್ತೆ ಸರಿಪಡಿಸಿ ಓಡಿಸಿದಾಗ 80, 83, 86 ಬಂತು. ಒಳಅಂಚು ತುಸು ಹೆಚ್ಚು ಬಿಸಿಯಾಗಿರುವುದೇ ಸರಿ. ಎಂಜಿನ್ನನ್ನು ಮುಟ್ಟದೆಯೇ ಪ್ರತಿ ಸುತ್ತಿನಲ್ಲೂ ಒಂದೂವರೆ ಸೆಕೆಂಡು ಉಳಿಯಿತು. ಗಾಳಿಯ ಒತ್ತಡವನ್ನು ಬಿಸಿಯಿದ್ದಾಗಲೇ ಅಳೆಯಿರಿ. ನಮ್ಮ ಟೈರಿನಲ್ಲಿ ತಣ್ಣಗಿದ್ದಾಗ 26 ಇದ್ದದ್ದು ಬಿಸಿಯಾದಾಗ 33 ಪಿಎಸ್‌ಐ ಆಗುತ್ತಿತ್ತು.

ಒಂದು ಎಚ್ಚರಿಕೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕ್ಯಾಂಬರು, ಗಾಳಿ, ಶಾಕ್ ಅಬ್ಸಾರ್ಬರ್ ಮೂರನ್ನೂ ಒಟ್ಟಿಗೆ ಬದಲಿಸಿ ಕಾರು ವೇಗವಾದರೆ ಯಾವುದರಿಂದ ಆಯಿತೆಂದು ಯಾರಿಗೂ ತಿಳಿಯುವುದಿಲ್ಲ. ಹೊಸ ಹೊಂದಾಣಿಕೆಯಲ್ಲಿ ಓಡಿಸಿದ ಮೇಲೆ ಹಳೆಯದಕ್ಕೆ ಮರಳಿ ಇನ್ನೊಮ್ಮೆ ಓಡಿಸಿ. ಬೆಳಗಿನ ತಂಪು ಹೋಗಿ ಡಾಂಬರು ಕಾದದ್ದರಿಂದ ಸಮಯ ಬದಲಾಯಿತೋ, ನಿಮ್ಮ ಸ್ಪ್ಯಾನರಿನಿಂದ ಬದಲಾಯಿತೋ ಎಂಬುದು ಆಗ ಸ್ಪಷ್ಟವಾಗುತ್ತದೆ. ಇದೆಲ್ಲಕ್ಕೂ ಮೊದಲು ಚಾಲಕನ ಸುತ್ತುಗಳು ಒಂದರಂತೆ ಇನ್ನೊಂದು ಇರಬೇಕು. ನನ್ನ ಆರಂಭದ ಸುತ್ತುಗಳ ನಡುವೆ ಎರಡು ಸೆಕೆಂಡುಗಳ ಏರಿಳಿತವಿತ್ತು. ಅಷ್ಟು ಏರಿಳಿತದಲ್ಲಿ ಅರ್ಧ ಸೆಕೆಂಡಿನ ಸುಧಾರಣೆಯನ್ನು ಹುಡುಕುವುದು ಸಾಧ್ಯವೇ ಇರಲಿಲ್ಲ. ಹಾಗಾಗಿ ಎರಡನೆಯ ದಿನ ಪೂರ್ತಿ ಕಾರಿಗೆ ಏನೂ ಮಾಡದೆ, ಒಂದೇ ಜಾಗದಲ್ಲಿ ಬ್ರೇಕ್ ಹಿಡಿದು ಒಂದೇ ಗೆರೆಯಲ್ಲಿ ತಿರುಗುವುದನ್ನಷ್ಟೇ ಅಭ್ಯಾಸ ಮಾಡಿದೆ. ಸಂಜೆಯ ಹೊತ್ತಿಗೆ ಏರಿಳಿತ ಅರ್ಧ ಸೆಕೆಂಡಿಗೆ ಇಳಿದಿತ್ತು, ಕ್ಯಾಂಬರಿಗೆ ಕೈ ಹಾಕಿದ್ದು ಅದಾದ ಮೇಲೆಯೇ.

ನಿಮ್ಮ ಕಾರಿನ ನೆಲದ ತಗಡಿಗೆ, ಅದರಲ್ಲೂ ಹಿಂದಿನ ಸ್ಟ್ರಟ್ಟಿನ ಗೂಡಿನ ಸುತ್ತ ಮತ್ತು ಬಾಗಿಲ ಕೆಳಗಿನ ಪಟ್ಟಿಗೆ, ತುಕ್ಕು ಹಿಡಿದಿದೆಯೇ ಎಂಬುದನ್ನು ನೀವು ಬರೆದಿಲ್ಲ. ಈ ವಾರಾಂತ್ಯದಲ್ಲಿ ಕಾರ್ಪೆಟ್ಟನ್ನು ಪೂರ್ತಿ ಕಿತ್ತು, ಸ್ಕ್ರೂಡ್ರೈವರಿನ ತುದಿಯಿಂದ ಆ ಜಾಗಗಳನ್ನೆಲ್ಲ ಒತ್ತಿ ನೋಡಿ. ತುದಿ ಒಳಗೆ ಇಳಿದರೆ ಕೇಜ್ ಬೆಸೆಯಲು ಆ ಬಾಡಿ ಯೋಗ್ಯವಲ್ಲ. ಆಗ ತುಕ್ಕಿಲ್ಲದ ಇನ್ನೊಂದು ಎಸ್ಟೀಮ್ ಬಾಡಿಯನ್ನು ಗುಜರಿಯಲ್ಲಿ ಹುಡುಕಿ, ನಿಮ್ಮ ಕಾರಿನ ಎಂಜಿನ್, ಗೇರ್‌ಬಾಕ್ಸುಗಳನ್ನು ಅದಕ್ಕೆ ವರ್ಗಾಯಿಸಿಕೊಳ್ಳಿ. ತಗಡು ಗಟ್ಟಿಯಿದ್ದರೆ ಕೇಜಿನ ಅಳತೆಗೆ ಕಾರು ಸಿದ್ಧವಿದೆ.