ಔರಾದ್ ಕಡೆ ಸಾಲಿಗೆ ಪುಕ್ಕಟೆ ಬಸ್ ಯಾರಿಗೆ?

ನಿಮ್ಮ ಮನೆಕೆಲಸದವರ ಮಗಳು ಓದೋಕೆ ನಮ್ಮ ಕಡೆ ಬರ್ತಾಳೆ, ಸ್ಕೂಲ್ ಬಸ್ ಪುಕ್ಕಟೆ ಸಿಗುತ್ತಾ, ನಿಯಮ ಏನು ಅಂತ ಕೇಳಿದ್ರಿ. ಸ್ಕೂಲ್ ಬಸ್ ಅಂದ ಕೂಡಲೇ ನಿಮಗೆ ಹಳದಿ ಗಾಡಿ ನೆನಪಾಗಿರಬೇಕು. ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ನಮ್ಮೂರಿನ ಸರ್ಕಾರಿ ಸಾಲಿಗೆ ಅಂಥದ್ದೇನೂ ಇಲ್ರಿ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸೇ ಸ್ಕೂಲ್ ಬಸ್ಸು. ಹಾಲಿನ ಕ್ಯಾನು, ಸಂತೆ ಚೀಲ, ಪಾಟಿಚೀಲ ಎಲ್ಲಾ ಅದರಲ್ಲೇ.

ನಿಯಮ ಕೇಳಿದ್ರಿ ಅಲ್ವಾ? ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 1ರಿಂದ 5ನೇ ತರಗತಿಯವರಿಗೆ 1 ಕಿಲೋಮೀಟರ್ ಒಳಗೆ, 6ರಿಂದ 8ನೇ ತರಗತಿಯವರಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಇಲ್ಲದ ಕಡೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಮಗುವಿನ ಓಡಾಟಕ್ಕೆ ವರ್ಷಕ್ಕೆ 6000 ರೂಪಾಯಿವರೆಗೆ ಕೊಡಬಹುದು. ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮೂರಲ್ಲಿ ಏಳನೇ ತರಗತಿವರೆಗೆ ಶಾಲೆ ಇದೆ, ನಿಜವಾದ ದೂರ ಶುರುವಾಗೋದು ಹೈಸ್ಕೂಲಿಗೆ.

ಅಲ್ಲಿಂದ ಮನೆಯೊಳಗೇ ಎರಡು ನಿಯಮ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ಓಡಾಟದ ಶಕ್ತಿ ಯೋಜನೆ ಬಂತು, ನಮ್ಮ ಅಣ್ಣನ ಮಗಳು ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡು ಹೋಗುತ್ತಾಳೆ. ಅವಳ ತಮ್ಮನಿಗೆ ಪಾಸ್ ಬೇಕು. ಆ ವರ್ಷದ ದರದಲ್ಲಿ ಹೈಸ್ಕೂಲ್ ಹುಡುಗರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 150. ಸರ್ಕಾರದ ಸೇವಾ ಸಿಂಧು ಅನ್ನೋ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಗ್ರಾಮ ಒನ್ ಸೆಂಟರಿಗೆ ಹೋದರೆ ಒಂದಿನ ಸರ್ವರ್ ಇರಲ್ಲ, ಇನ್ನೊಂದಿನ ಕರೆಂಟು ಇರಲ್ಲ. ಪಾಸ್ ಕೈಗೆ ಬರೋವರೆಗೆ ಹುಡುಗ ಟಿಕೆಟ್ ದುಡ್ಡು ಕೇಳುತ್ತಾನೆ, ಅಕ್ಕ ನಗುತ್ತಾಳೆ.

ಇನ್ನು ಗಡಿಯ ತಕರಾರು ಬೇರೆ, ಇದು ಹೊರಗಿನವರಿಗೆ ಗೊತ್ತೇ ಆಗಲ್ಲ. ನಮ್ಮ ಕಡೆಯ ಎಷ್ಟೋ ಜನ ದುಡಿಯೋಕೆ ಹೈದರಾಬಾದಿಗೆ ಹೋಗಿ, ಅಲ್ಲೇ ಬಾಡಿಗೆ ಮನೆ ಮಾಡಿ, ರೇಷನ್ನಿಗೋ ಗ್ಯಾಸಿಗೋ ಅಂತ ಮಕ್ಕಳ ಸಮೇತ ಆಧಾರ್ ವಿಳಾಸ ಅಲ್ಲಿಯದ್ದೇ ಮಾಡಿಸಿರುತ್ತಾರೆ. ಆಮೇಲೆ ಮಗಳನ್ನು ಓದೋಕೆ ಅಜ್ಜಿ ಮನೆಗೆ ಕಳಿಸುತ್ತಾರೆ. ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇದ್ದವರಿಗೆ ಮಾತ್ರ. ಹುಡುಗಿ ಹುಟ್ಟಿದ್ದು ಇಲ್ಲಿ, ಆಡೋದು ಕನ್ನಡ, ಓದೋದು ಇಲ್ಲಿನ ಸರ್ಕಾರಿ ಶಾಲೆ, ಆದರೆ ಕಂಡಕ್ಟರ್ ಕಾರ್ಡ್ ನೋಡಿ ಟಿಕೆಟ್ ಹರಿಯುತ್ತಾನೆ. ಅವನ ತಪ್ಪೂ ಅಲ್ಲ, ತಪಾಸಣೆ ಬಂದರೆ ಅವನ ಕೆಲಸಕ್ಕೇ ಕುತ್ತು. ತೆಲಂಗಾಣದಲ್ಲೂ 2023ರ ಡಿಸೆಂಬರಿನಿಂದ ಮಹಾಲಕ್ಷ್ಮಿ ಯೋಜನೆಯ ಪುಕ್ಕಟೆ ಬಸ್ ಇದೆ, ಅದು ಅಲ್ಲಿನವರಿಗೆ. ಅಂದ್ರೆ ಈ ಹುಡುಗಿ ಹೈದರಾಬಾದಿನಲ್ಲಿ ಪುಕ್ಕಟೆ, ಸ್ವಂತ ಊರಲ್ಲಿ ಟಿಕೆಟ್! ಮಹಾರಾಷ್ಟ್ರದ ಕಡೆಯೂ ಹಳ್ಳಿ ಹುಡುಗಿಯರಿಗೆ 5ರಿಂದ 12ನೇ ತರಗತಿವರೆಗೆ ಅಹಲ್ಯಾಬಾಯಿ ಹೋಳ್ಕರ್ ಹೆಸರಿನ ಪುಕ್ಕಟೆ ಪಾಸ್ ಇದೆ. ಮೂರು ರಾಜ್ಯ ಕೂಡೋ ಜಾಗದಲ್ಲಿ ಮೂರು ನಮೂನೆ ಪುಕ್ಕಟೆ ನೋಡ್ರಿ.

ಇಷ್ಟೆಲ್ಲಾ ಇದ್ದರೂ ಬಸ್ ಹೊತ್ತಿಗೆ ಬರಬೇಕಲ್ಲ. ನಮ್ಮ ಕ್ರಾಸಿಗೆ ಬೆಳಿಗ್ಗೆ ಬರೋ ಬಸ್ ತಪ್ಪಿದರೆ ಮುಂದಿನದಕ್ಕೆ ಎರಡು ಪೀರಿಯಡ್ ಹೋಯ್ತು. ಆವಾಗ ಪಾಸ್ ಜೇಬಲ್ಲೇ ಇರುತ್ತದೆ, ಟಂಟಂ ಆಟೋದವನಿಗೆ ದುಡ್ಡು ಕೊಟ್ಟು ನೇತಾಡಿಕೊಂಡು ಹೋಗ್ತಾರೆ. ಶಕ್ತಿ ಬಂದ ಮೇಲೆ ರಶ್ ಜಾಸ್ತಿ ಆಗಿ, ತುಂಬಿದ ಬಸ್ ಕೈ ಮಾಡಿದರೂ ನಿಲ್ಲಲ್ಲ.

ನಿಮ್ಮ ಮನೆಕೆಲಸದವರ ಮಗಳು ಇಲ್ಲಿಗೆ ಓದೋಕೆ ಬರ್ತಾಳೆ ಅಂದ್ರಲ್ಲ, ಮೊದಲು ಅವಳ ಆಧಾರ್ ವಿಳಾಸ ನೋಡಿ. ಬದಲಿಸೋದಿದ್ದರೆ ಮೇ ತಿಂಗಳಲ್ಲೇ ಮಾಡಿಸಿ. ಜೂನ್‌ನಲ್ಲಿ ಸೆಂಟರ್ ಮುಂದೆ ಇಡೀ ತಾಲ್ಲೂಕೇ ನಿಂತಿರುತ್ತದೆ.