ದಾರಿ ತಪ್ಪಿದ ದಿನ ಅವಳು ಮನೆಗೆ ಫೋನ್ ಮಾಡಲಿಲ್ಲ

ಪಿಯುಸಿ ತರಗತಿಗಳು ಶುರುವಾದವು ಅಂದರೆ ಸಾಕು, ಒಂದೇ ಪ್ರಶ್ನೆ ಹಿಡಿದು ಅಪ್ಪ ಅಮ್ಮಂದಿರು ಸಲಹೆಗೆ ನನ್ನ ಹತ್ತಿರ ಬರುತ್ತಾರೆ. ಕಾಲೇಜು ದೂರ, ಮಗಳನ್ನು ಒಬ್ಬಳೇ ಕಳಿಸಬಹುದಾ? ಯಾವ ವಯಸ್ಸಿಗೆ ಏನಕ್ಕೆ ಒಪ್ಪಬಹುದು ಅಂತ ಒಂದು ಪಟ್ಟಿ ಕೊಡಿ ಮೇಡಂ ಎನ್ನುತ್ತಾರೆ. ಅಂಥ ಪಟ್ಟಿ ನಾನು ಕೊಡುವುದಿಲ್ಲ. ಯಾಕೆ ಅಂತ ಈ ಪ್ರಕರಣ ಹೇಳುತ್ತದೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಬೆಂಗಳೂರಿನ ವಿಜಯನಗರದ ಕಡೆಯ ಮನೆ. ಅಪ್ಪನಿಗೆ ಅಂಗಡಿ, ಅಮ್ಮನಿಗೆ ಕಚೇರಿ ಕೆಲಸ, ಒಬ್ಬ ಅಣ್ಣ. ಹುಡುಗಿಗೆ 16 ವರ್ಷ, ಕಾಲೇಜು ಜಯನಗರದಲ್ಲಿ. ಮೊದಮೊದಲು ಅಪ್ಪ ಸ್ಕೂಟರಿನಲ್ಲಿ ಬಿಡುತ್ತಿದ್ದರು. ಆಮೇಲೆ ಅಮ್ಮ ಹಟ ಹಿಡಿದು ಮೆಟ್ರೋಗೆ ಒಪ್ಪಿಸಿದರು. ಈಗ ಭಾನುವಾರ ಗೆಳತಿಯರ ಜೊತೆ ಹೊರಗೆ ಹೋಗಬೇಕು ಅಂದಳು. ಅಪ್ಪ ಬೇಡವೆಂದರು. ಅವಳು ಮನೆಯಲ್ಲಿ ಮಾತು ಬಿಟ್ಟಳು.

ಮೂವರೂ ಒಟ್ಟಿಗೆ ಕೂತ ದಿನ ಅಪ್ಪ ಹೇಳಿದ್ದು ಇಷ್ಟು: "ಮಗಳ ಮೇಲೆ ನಂಬಿಕೆ ಇಲ್ಲ ಅಂತಲ್ಲ ಮೇಡಂ, ಕಾಲ ಸರಿಯಿಲ್ಲ." ನಾನು ಹುಡುಗಿಯನ್ನು ಕೇಳಿದೆ: "ಮೆಟ್ರೋದಲ್ಲಿ ಒಬ್ಬಳೇ ಓಡಾಡುವಾಗ ಯಾವತ್ತಾದರೂ ತೊಂದರೆ ಆಗಿದೆಯಾ?" ಅಮ್ಮನ ಮುಖ ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು.

ಒಂದು ಸಂಜೆ ಜಯನಗರದಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದಿದ್ದಾಳೆ. ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಆ ಹೊತ್ತಿನ ನೂಕುನುಗ್ಗಲು ಗೊತ್ತಲ್ವಾ? ಮನೆ ಕಡೆ ಹೋಗುವ ಚಲ್ಲಘಟ್ಟದ ರೈಲಿನ ಬದಲು ವೈಟ್‌ಫೀಲ್ಡ್ ಕಡೆಯದನ್ನು ಹತ್ತಿಬಿಟ್ಟಿದ್ದಾಳೆ. ವಿಧಾನಸೌಧ ನಿಲ್ದಾಣದ ಹೆಸರು ಕೇಳಿದಾಗಲೇ ಗೊತ್ತಾಗಿದ್ದು. ಕಬ್ಬನ್ ಪಾರ್ಕ್‌ನಲ್ಲಿ ಇಳಿದು, ಅಲ್ಲಿದ್ದ ಸೆಕ್ಯೂರಿಟಿ ಅಕ್ಕನನ್ನು ಕೇಳಿ, ಸರಿಯಾದ ರೈಲು ಹತ್ತಿ ಮನೆಗೆ ಬಂದಿದ್ದಾಳೆ. ತಡ ಯಾಕೆ ಅಂದಿದ್ದಕ್ಕೆ ಸ್ಪೆಷಲ್ ಕ್ಲಾಸ್ ಅಂತ ಹೇಳಿದ್ದಾಳೆ.

"ನೋಡಿದ್ರಾ ಮೇಡಂ, ಇದಕ್ಕೇ ನಾನು ಬೇಡ ಅಂದಿದ್ದು!" ಅಪ್ಪ ಎದ್ದೇ ಬಿಟ್ಟರು.

ಅಮ್ಮ ಕೇಳಿದರು, "ನನಗೊಂದು ಫೋನ್ ಮಾಡಬಾರದಿತ್ತೇನೇ?"

"ಮಾಡಿದ್ರೆ ಮಾರನೇ ದಿನದಿಂದ ಮತ್ತೆ ಅಪ್ಪನ ಸ್ಕೂಟರ್. ಅದಕ್ಕೇ ಮಾಡಲಿಲ್ಲ."

"ಇದಕ್ಕಿಂತ ದೊಡ್ಡದೇನಾದರೂ ಆಗಿದ್ದರೆ?" ಅಂದೆ.

"ಆಗಲೂ ಮನೆಗೆ ಮಾಡ್ತಿರಲಿಲ್ಲ."

ಈ ಉತ್ತರ ನನ್ನನ್ನು ಬಹಳ ಕಾಡಿತು. ಅಪ್ಪನಿಗೆ ಕಂಡಿದ್ದು ಮಗಳು ದಾರಿ ತಪ್ಪಿದ್ದು. ನನಗೆ ಕಂಡಿದ್ದು ಅವಳು ಗಾಬರಿಯಾಗದೆ ಇಳಿದಿದ್ದು, ಕೇಳಬೇಕಾದವರನ್ನೇ ಕೇಳಿದ್ದು, ತಾನೇ ವಾಪಸ್ ಬಂದಿದ್ದು. ಒಬ್ಬಳೇ ಓಡಾಡಲು ಬೇಕಾದ ಬುದ್ಧಿ ಅವಳಲ್ಲಿ ಬಂದಾಗಿತ್ತು. ಕಷ್ಟ ಬಂದಾಗ ಮನೆಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಅದನ್ನು ಕಿತ್ತುಕೊಂಡಿದ್ದು ಮನೆಯವರೇ. ಅಪಾಯ ಇದ್ದಿದ್ದು ಅಲ್ಲಿ.

ಅದಕ್ಕೇ ನನ್ನ ಮೊದಲ ಸಲಹೆ ಅಪ್ಪ ಅಮ್ಮನಿಗಾಯಿತು. ಮಗಳು ತಾನಾಗಿ ಫೋನ್ ಮಾಡಿ ನಿಜ ಹೇಳಿದರೆ, ಅದೇ ಕಾರಣಕ್ಕೆ ಅವಳ ಓಡಾಟ ನಿಲ್ಲಿಸುವುದಿಲ್ಲ ಅಂತ ಮಾತು ಕೊಡಿ. ಬೈಯಬೇಕು ಅನ್ನಿಸಿದರೆ ಮರುದಿನ ಮಾತಾಡಿ. ಇದು ಸಲಿಗೆ ಜಾಸ್ತಿ ಕೊಟ್ಟಂತೆ ಅಂತ ಕೆಲವರು ನನ್ನ ಮೇಲೆ ಸಿಟ್ಟಾಗುತ್ತಾರೆ. ನಾನು ಒಪ್ಪುವುದಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕೆಲವು ದಿನ ಓಡಾಟ ಕಡಿಮೆ ಮಾಡಿ, ಅದು ನ್ಯಾಯ. ನಿಜ ಹೇಳಿದವಳಿಗೂ ಅದೇ ಶಿಕ್ಷೆ ಕೊಟ್ಟರೆ ಅವಳು ಕಲಿಯುವುದು ಸುಳ್ಳನ್ನು ಇನ್ನೂ ಚೆನ್ನಾಗಿ ಹೇಳುವುದನ್ನು.

ಹುಡುಗಿಗೂ ಕೆಲಸ ಇತ್ತು. ಅಪ್ಪ ಅಮ್ಮನ ನಂಬರ್ ಬಾಯಿಪಾಠ ಇರಬೇಕು, ಫೋನ್ ಆಫ್ ಆದರೆ ಬೇಕಾಗುತ್ತದೆ. ತುರ್ತಿಗೆ 112, 18 ವರ್ಷದೊಳಗಿನವರಿಗೆ 1098 ಸಹಾಯವಾಣಿ ಇವೆ ಅನ್ನುವುದು ಗೊತ್ತಿರಬೇಕು. ಮೆಟ್ರೋ ನಿಂತರೆ ಮನೆಗೆ ಬರುವ ಬಸ್ಸು ಯಾವುದು ಅಂತ ಅಮ್ಮನ ಜೊತೆ ಒಮ್ಮೆ ಹೋಗಿಬಂದು ತಿಳಿದುಕೊಳ್ಳಬೇಕು. 2023ರ ಜೂನ್‌ನಿಂದ ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡ್ ಬ್ಯಾಗಿನಲ್ಲಿದ್ದರೆ ಆಯಿತು. ಪರ್ಸಿನಲ್ಲಿ ದುಡ್ಡಿಲ್ಲದಿದ್ದರೂ ಮನೆಗೆ ಬರಬಹುದು ಅನ್ನುವ ಧೈರ್ಯ ಸಣ್ಣದಲ್ಲ.

ಅವಳ ಫೋನಿನಲ್ಲಿ ಗುಟ್ಟಾಗಿ ಲೊಕೇಶನ್ ನೋಡುವ ಆ್ಯಪ್ ಹಾಕಿಸಬೇಕೆಂದು ಅಪ್ಪ ಯೋಚಿಸಿದ್ದರು. ಬೇಡ ಎಂದೆ. ಬೇಕಿದ್ದರೆ ಅವಳಿಗೆ ಹೇಳಿಯೇ ಹಾಕಿ, ನಿಮ್ಮ ಲೊಕೇಶನ್ ಕೂಡ ಅವಳಿಗೆ ಕಾಣಲಿ. ಗುಟ್ಟಾಗಿ ಹಾಕಿದ್ದು ಒಂದು ದಿನ ಗೊತ್ತಾಗಿಯೇ ಆಗುತ್ತದೆ. ಆಮೇಲೆ ಅವಳು ಫೋನನ್ನು ಗೆಳತಿಯ ಬ್ಯಾಗಿನಲ್ಲಿಟ್ಟು ಹೊರಡುತ್ತಾಳೆ.

ಇನ್ನೊಂದು ಮಾತನ್ನೂ ಕೇಳಿದೆ, ಅಪ್ಪನಿಗೆ ಇಷ್ಟವಾಗಲಿಲ್ಲ. ಅಣ್ಣ ಇದೇ ವಯಸ್ಸಿನಲ್ಲಿದ್ದಾಗ ಎಷ್ಟು ಹೊತ್ತಿಗೆ ಮನೆಗೆ ಬರುತ್ತಿದ್ದ? ಗಂಡುಹುಡುಗರ ಮಾತು ಬೇರೆ ಎಂದರು. ಬೀದಿಯಲ್ಲಿ ಹುಡುಗಿಗೆ ಭಯ ಜಾಸ್ತಿ, ನಿಜ. ಅದಕ್ಕೆ ತಯಾರಿ ಜಾಸ್ತಿ ಮಾಡಿಸಬೇಕು. ಮನೆಯೊಳಗೇ ಕೂರಿಸಿ 18 ತುಂಬಿದ ದಿನ ಒಮ್ಮೆಲೇ ಹಾಸ್ಟೆಲ್ಲಿಗೆ ಕಳಿಸಿದರೆ, ಆ ತಯಾರಿ ಅವಳಿಗೆ ಎಲ್ಲಿಂದ ಬರಬೇಕು?

ಭಾನುವಾರದ ವಿಷಯ ಆಮೇಲೆ ಸಲೀಸಾಯಿತು. ಹಗಲು ಹೊತ್ತು, ಕಬ್ಬನ್ ಪಾರ್ಕ್, ಯಾರು ಯಾರು ಅಂತ ಮೊದಲೇ ಹೇಳುವುದು, ಐದು ಗಂಟೆಗೆ ವಾಪಸ್. ಒಮ್ಮೆ ತಡವಾದಾಗ ಅವಳೇ ಫೋನ್ ಮಾಡಿದಳಂತೆ, ಅಪ್ಪ "ಸರಿ, ಬಾ" ಅಂದರಂತೆ. ಸಂಜೆಯ ಸಿನಿಮಾಕ್ಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ದಸರಾ ರಜೆ ಆದಮೇಲೆ ಮತ್ತೆ ಮಾತಾಡೋಣ ಅಂತ ಮೂವರೂ ಒಪ್ಪಿದ್ದಾರೆ.