ಜಾಮೀನು ಸಿಕ್ಕಿತು ಅಂದ್ರೆ ಕೇಸು ಮುಗಿದಂತಲ್ಲ

ಪ್ರಶ್ನೆ: ನಾವು ಡೊಂಬಿವಲಿಯವರು. ಅಪ್ಪ ಮುಂಬೈ ಫೋರ್ಟಿನ ಕ್ಯಾಂಟೀನುಗಳಲ್ಲಿ ಜೀವಮಾನವಿಡೀ ದುಡಿದು ಉಳಿಸಿದ ₹12 ಲಕ್ಷವನ್ನು ಒಂದು ಖಾಸಗಿ ಕಂಪನಿಯ ಸ್ಕೀಮಿನಲ್ಲಿ ಇಟ್ಟರು. ತಿಂಗಳಿಗೆ ಶೇ 2 ಬಡ್ಡಿ ಅಂದಿದ್ದರು. ಕೆಲವು ತಿಂಗಳು ಬಂತು, ಆಮೇಲೆ ನಿಂತಿತು. ಅರೆಸ್ಟಾಗಿದ್ದ ಮಾಲೀಕ ಈಗ ಜಾಮೀನಿನ ಮೇಲೆ ಹೊರಗೆ ಬಂದು ದೊಡ್ಡ ಕಾರಿನಲ್ಲಿ ಓಡಾಡುತ್ತಿದ್ದಾನೆ. ಶ್ರೀಮಂತರಿಗೊಂದು ಕಾನೂನು, ನಮಗೊಂದು ಕಾನೂನಾ? ಅವನ ಮನೆ ಮುಂದೆ ಧರಣಿ ಕೂರೋಣ ಅಂತ ಕೆಲವರು ಕರೆಯುತ್ತಿದ್ದಾರೆ. ಹೋಗಲೇ?
– ಒಬ್ಬ ಓದುಗ, ಡೊಂಬಿವಲಿ

ಉತ್ತರ: ಮೊದಲಿಗೆ ಒಂದು ಮಾತು. ಶೇ 2ರ ಆಸೆಗೆ ಬಿದ್ದಿರಿ ಅಂತ ಮನೆಯಲ್ಲಿ ಯಾರೂ ಅಪ್ಪನನ್ನು ಬೈಯಬೇಡಿ. ಹೆಚ್ಚು ಬಡ್ಡಿಯ ಆಸೆ ತೋರಿಸಿ ಜನರಿಂದ ದುಡ್ಡು ಪಡೆದಿದ್ದ ಟೋರೆಸ್ ಜ್ಯುವೆಲರಿ 2025ರ ಜನವರಿಯಲ್ಲಿ ಬಾಗಿಲು ಹಾಕಿದಾಗ ದಾದರಿನ ಬೀದಿಗಿಳಿದವರಲ್ಲಿ ತರಕಾರಿ ಮಾರುವವರೂ ಇದ್ದರು. ಅವರನ್ನೂ ಜನ ಹೀಗೇ ಆಡಿಕೊಂಡರು. ತಪ್ಪು ಮೋಸ ಮಾಡಿದವನದು.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಜಾಮೀನಿನ ಆದೇಶ ಕೈಗೆ ಬಂದರೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿಯುವ ಬಡವರು ನಮ್ಮ ಜೈಲುಗಳಲ್ಲಿದ್ದಾರೆ. ದುಡ್ಡಿದ್ದವನಿಗೆ ಆ ಕಷ್ಟವಿಲ್ಲ. ಇದು ಅನ್ಯಾಯ ಅಂತಲೇ ನಾನೂ ಹೇಳುತ್ತೇನೆ.

ಆದರೆ ಜಾಮೀನು ಯಾಕೆ ಸಿಗುತ್ತದೆ ನೋಡಿ. ಮಹಾರಾಷ್ಟ್ರದಲ್ಲಿ ಇಂಥ ಕೇಸುಗಳಿಗೆ 1999ರ ಠೇವಣಿದಾರರ ಹಿತರಕ್ಷಣೆ ಕಾಯ್ದೆ ಇದೆ. ಕೋರ್ಟಿನಲ್ಲಿ ಎಲ್ಲರೂ ಎಂಪಿಐಡಿ ಅಂತಾರೆ. ಅದರಲ್ಲಿ ಶಿಕ್ಷೆ ಹೆಚ್ಚೆಂದರೆ 6 ವರ್ಷ. ಸಾಮಾನ್ಯವಾಗಿ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣೆ ಮುಗಿಯದೆ ಒಳಗಿದ್ದವನಿಗೆ ಜಾಮೀನು ಕೊಡಬೇಕು. ಹಿಂದೆ ಶಿಕ್ಷೆಯೇ ಆಗದವನಿಗೆ ಮೂರನೇ ಒಂದು ಭಾಗ ಸಾಕು. ಸಾವಿರಾರು ಸಾಕ್ಷಿ, ಮೂಟೆಗಟ್ಟಲೆ ಕಾಗದ ಇರುವ ಕೇಸು ಅಷ್ಟರೊಳಗೆ ಎಲ್ಲಿ ಮುಗಿಯುತ್ತದೆ? ವಿಚಾರಣೆ ಆಮೆ ನಡಿಗೆಯಲ್ಲಿ ಸಾಗುವುದೇ ನಮ್ಮ ಜನರ ದೊಡ್ಡ ಗೋಳು.

ಜೈಲಿನ ದಾರಿ ಬೇರೆ, ದುಡ್ಡಿನ ದಾರಿ ಬೇರೆ. ನಾನು ಮುಖ್ಯವಾಗಿ ಹೇಳಬೇಕಾದ್ದು ಇದನ್ನೇ. ಎರಡೂ ಒಟ್ಟಿಗೆ ಸಾಗುವುದು ಅಪರೂಪ. ವಿಜಯ್ ಮಲ್ಯ ದೇಶ ಬಿಟ್ಟದ್ದು 2016ರ ಮಾರ್ಚಿನಲ್ಲಿ. ಅವರ ಆಸ್ತಿಯಿಂದ ಸರ್ಕಾರಿ ಬ್ಯಾಂಕುಗಳಿಗೆ ₹14,131 ಕೋಟಿ ಮರಳಿದೆ ಎಂದು ಹಣಕಾಸು ಸಚಿವರು 2024ರ ಡಿಸೆಂಬರಿನಲ್ಲಿ ಸಂಸತ್ತಿನಲ್ಲಿ ಹೇಳಿದರು. ದುಡ್ಡು ಬಂತು, ಮನುಷ್ಯ ಬರಲಿಲ್ಲ. ಇದರ ಉಲ್ಟಾ ಕೂಡ ಆಗುತ್ತದೆ. ಷೇರು ದಲ್ಲಾಳಿ ಹರ್ಷದ್ ಮೆಹ್ತಾ 2001ರ ಕೊನೆಯ ದಿನ ಠಾಣೆ ನಗರದಲ್ಲಿ ನ್ಯಾಯಾಂಗ ಬಂಧನದಲ್ಲಿರುವಾಗಲೇ ತೀರಿಕೊಂಡರು. 1992ರ ಅವರ ಷೇರು ಹಗರಣದ ಆಸ್ತಿ ಯಾರ ಪಾಲಿಗೆ ಎಷ್ಟು ಎಂಬ ತಕರಾರು ಅದಾದ ಮೇಲೂ ವರ್ಷಗಟ್ಟಲೆ ನಡೆಯಿತು.

ಹಾಗಾಗಿ ಅವನ ಕಾರನ್ನು ಬಿಟ್ಟು ಅವನ ಆಸ್ತಿಯ ಮೇಲೆ ಕಣ್ಣಿಡಿ. ಎಂಪಿಐಡಿ ಪ್ರಕಾರ ಸರ್ಕಾರ ಅವನ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡು ಒಬ್ಬ ಸಕ್ಷಮ ಅಧಿಕಾರಿಯ ಕೈಗೆ ಕೊಡುತ್ತದೆ. ಮುಟ್ಟುಗೋಲು ಗಟ್ಟಿಯಾಗಲು ವಿಶೇಷ ಕೋರ್ಟು ಒಪ್ಪಬೇಕು. ಆಮೇಲೆ ಹರಾಜು, ಆಮೇಲೆ ಠೇವಣಿದಾರರಿಗೆ ಹಂಚಿಕೆ. ‘ಈ ಫ್ಲ್ಯಾಟು ಕಂಪನಿಯದಲ್ಲ, ನನ್ನ ಹೆಂಡತಿಯದು’ ಅನ್ನುವ ತಕರಾರು ಏಳುವುದು ಈ ಹಂತದಲ್ಲಿ. ಅಡವಿಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕು ಬಂದು ನಿಲ್ಲುವುದೂ ಈ ಹಂತದಲ್ಲೇ. ಎಷ್ಟೋ ಸಲ ಆ ದಿನ ಕೋರ್ಟಿನಲ್ಲಿ ಠೇವಣಿದಾರರ ಪರ ಒಬ್ಬ ವಕೀಲನೂ ಇರುವುದಿಲ್ಲ, ಜಾಮೀನಿನ ದಿನ ಮಾತ್ರ ಗೇಟಿನ ತನಕ ಜನ. ನೋಡಿದರೆ ಹೊಟ್ಟೆ ಉರಿಯುತ್ತದೆ.

ನೀವು ಮಾಡಬೇಕಾದ್ದು ಇಷ್ಟು. ಅಪ್ಪನ ಹೆಸರು ಪೊಲೀಸರ ಆರ್ಥಿಕ ಅಪರಾಧ ದಳದ ಠೇವಣಿದಾರರ ಪಟ್ಟಿಯಲ್ಲಿದೆಯಾ ಅಂತ ಮೊದಲು ವಿಚಾರಿಸಿ. ಇಲ್ಲದಿದ್ದರೆ, ಕೇಸು ಮುಂಬೈ ದಳದ ಕೈಯಲ್ಲಿದ್ದರೆ, ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಪೊಲೀಸ್ ಕಮಿಷನರ್ ಕಚೇರಿ ಆವರಣಕ್ಕೆ ಹೋಗಿ ಹೇಳಿಕೆ ಕೊಡಿಸಿ. ಠೇವಣಿ ರಸೀದಿ, ಪ್ಯಾನ್, ದುಡ್ಡು ಹೋದ ದಿನದ ಪಾಸ್‌ಬುಕ್ ಪುಟ ಜೊತೆಗಿರಲಿ. ಪಾಸ್‌ಬುಕ್ಕಿನ ಆ ಒಂದು ಸಾಲು, ಚೆಕ್ ನಂಬರು, ಕಂಪನಿ ಹೆಸರು, ಮೊತ್ತ, ಕಂಪನಿ ಕೊಟ್ಟ ಬಣ್ಣದ ಸರ್ಟಿಫಿಕೇಟಿಗಿಂತ ಜಾಸ್ತಿ ತೂಗುತ್ತದೆ. ಬಂದ ಬಡ್ಡಿಯನ್ನೂ ಮುಚ್ಚಿಡದೆ ಬರೆಸಿ. ಹತ್ತಿಪ್ಪತ್ತು ಮನೆಯವರು ಸೇರಿ ಒಬ್ಬ ವಕೀಲರನ್ನು ಹಿಡಿದು ಮುಟ್ಟುಗೋಲಿನ ಅರ್ಜಿಯಲ್ಲಿ ನಮ್ಮ ಮಾತೂ ಕೇಳಿ ಅಂತ ಕೋರಿ. ಖರ್ಚು ಹಂಚಿಹೋಗುತ್ತದೆ. ಅಪ್ಪನ ವಯಸ್ಸು, ಕಾಯಿಲೆ ಹೇಳಿ ಬೇಗ ತಾರೀಖು ಕೇಳಬಹುದು.

ಧರಣಿ? ಅವನ ಮನೆ ಮುಂದೆ ಬೇಡ. ನಿಮ್ಮ ಮೇಲೆಯೇ ಕೇಸು ಬೀಳುತ್ತದೆ, ಕೋರ್ಟಿನಲ್ಲಿ ಅದು ಅವನಿಗೇ ಅನುಕೂಲ. ಮುಂಬೈಯಲ್ಲಿ ಪ್ರತಿಭಟನೆಗೆ ಆಜಾದ್ ಮೈದಾನವಿದೆ, ಅನುಮತಿ ಪಡೆದು ಕೂರಿ. ಬೀದಿಗಿಳಿಯುವುದು ವ್ಯರ್ಥ ಅಂತ ನಾನು ಹೇಳುವುದಿಲ್ಲ. 2019ರಲ್ಲಿ ಮುಂಬೈಯ ಪಿಎಂಸಿ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ನಿರ್ಬಂಧ ಬಿದ್ದು ಮೊದಲಿಗೆ ₹1,000 ಮಾತ್ರ ತೆಗೆಯಬಹುದು ಅಂದಾಗ, ಠೇವಣಿದಾರರು ಕೋರ್ಟು, ರಿಸರ್ವ್ ಬ್ಯಾಂಕು ಬಿಡದೆ ಸುತ್ತಿದರು. 2020ರ ಫೆಬ್ರುವರಿಯಲ್ಲಿ ಠೇವಣಿ ವಿಮೆ ₹1 ಲಕ್ಷದಿಂದ ₹5 ಲಕ್ಷಕ್ಕೆ ಏರಿತು. ನಿರ್ಬಂಧ ಬಿದ್ದರೆ 90 ದಿನದೊಳಗೆ ವಿಮೆ ಹಣ ಕೊಡಬೇಕೆಂಬ ತಿದ್ದುಪಡಿ 2021ರಲ್ಲಿ ಬಂತು. ಆ ವಿಮೆ ಬ್ಯಾಂಕ್ ಠೇವಣಿಗೆ ಮಾತ್ರ. ಖಾಸಗಿ ಸ್ಕೀಮಿನಲ್ಲಿ ದುಡ್ಡಿಟ್ಟ ನಿಮ್ಮಂಥವರಿಗೆ ಇಂದಿಗೂ ಅಂಥ ಆಸರೆಯಿಲ್ಲ. ಮೈದಾನದಲ್ಲಿ ಕೂತು ಕೇಳಬೇಕಾದ್ದು ಅದನ್ನು.

ಇನ್ನೊಂದು ವಿಷಯ. ಸ್ವಲ್ಪ ದಿನದಲ್ಲಿ ಏಜೆಂಟ್ ಮನೆಗೆ ಬರಬಹುದು. ಎಷ್ಟೋ ಸಲ ಅವನು ನಮ್ಮೂರಿನವನೇ, ಸಂಘದ ಪೂಜೆಯಲ್ಲಿ ಸಿಕ್ಕವನೇ ಆಗಿರುತ್ತಾನೆ. ‘ಅರ್ಧ ದುಡ್ಡು ಕೊಡಿಸ್ತೇನೆ, ದೂರು ವಾಪಸ್ ತಗೊಳ್ಳಿ’ ಅನ್ನುತ್ತಾನೆ, ಮುಂದಿನ ತಾರೀಖಿನ ಚೆಕ್ ತೋರಿಸುತ್ತಾನೆ. ಬಾಂಡ್ ಪೇಪರಿಗೆ ಅಪ್ಪನ ಸಹಿ ಹಾಕಿಸಬೇಡಿ. ಮೂಲ ರಸೀದಿ ಅವನ ಕೈಗೆ ಕೊಡಲೇಬೇಡಿ. ಏನೇ ಕೊಡುವುದಿದ್ದರೂ ಕೋರ್ಟಿನ ಮೂಲಕ ಕೊಡಲಿ ಅಂತ ಹೇಳಿ ಕಳಿಸಿ.